ಬಾಯಿಪಾಠದ ಮುದ್ದತ್ತು

"ಹಿರಿಯ ವಕೀಲರು ಹೈಕೋರ್ಟಿನಲ್ಲಿದ್ದಾರೆ ಮೇಡಂ. ಕಾಲಾವಕಾಶ ಕೊಡಬೇಕು."

ಇಷ್ಟು ಹೇಳಿ ಮಹೇಕ್ ತಲೆ ಬಾಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಜಡ್ಜ್ ಮೇಡಂ ಕಡತದಿಂದ ಮುಖ ಎತ್ತಲಿಲ್ಲ. ಎದುರು ಪಾರ್ಟಿಯ ನೀಲಪ್ಪ ವಕೀಲರು ಮಾತ್ರ ಕನ್ನಡಕದ ಮೇಲಿಂದ ಆಕೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ, ಬೀಗರ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ನಮ್ಮದೇನೂ ತಕರಾರಿಲ್ಲ ಮೇಡಂ" ಎಂದರು. ಮಾರ್ಚ್ ಇಪ್ಪತ್ತಾರಕ್ಕೆ ತಾರೀಖು ಬಿತ್ತು. ಮಹೇಕ್ ಅದನ್ನು ಡೈರಿಯಲ್ಲಿ ಬರೆದುಕೊಂಡಳು. ಅಕ್ಷರ ದುಂಡಗೇ ಬಂದಿದ್ದವು. ಜವಾನ ಆಗಲೇ ಮುಂದಿನ ಪ್ರಕರಣದ ಹೆಸರು ಕೂಗುತ್ತಿದ್ದ.

ಬಾಗಿಲ ಹತ್ತಿರ ನಿಂತಿದ್ದ ಮೀನಾ ಅವಳ ತೋಳು ಹಿಡಿದು ವರಾಂಡಕ್ಕೆ ಎಳೆದಳು. ಮೀನಾ ಕೂಡ ಜೂನಿಯರ್, ಇನ್ನೊಬ್ಬ ವಕೀಲರ ಕೈಕೆಳಗೆ ದುಡಿಯುವವಳು.

"ಏ ಮಹೇಕ್, ಹುಚ್ಚ ಗಿಚ್ಚ ಹಿಡದೈತೇನ ನಿನಗ? ನಿನ್ನ ಸಾಕ್ಷಿ ಹೊರಗ ಬಂದ ಕುಂತಾನು. ಮುದ್ದತ್ ಯಾಕ ಕೇಳಿದಿ?"

"ಯಾವ ಸಾಕ್ಷಿ?"

"ಯಾವ ಸಾಕ್ಷಿ ಅಂತಾಳ ನೋಡ! ಮಾಳಪ್ಪಜ್ಜ. ನಿನ್ನೆ ಪೂರ್ತಾ ಅವನ ಹೆಸರ ಜಪಾ ಮಾಡೀದಿ. ಪ್ರಶ್ನೆ ಬರಕೊಂಡೇನಿ, ನೋಡ ಬಾ ಅಂತ ನನಗ ತೋರ್ಸಿದಿ."

ಮಹೇಕ್ ವರಾಂಡದ ಕಂಬ ಹಿಡಿದುಕೊಂಡಳು. ಅಂಗಳದಾಚೆ ಬೇವಿನ ಗಿಡದ ಕೆಳಗೆ ಒಂದು ಬಿಳಿ ಕಾರು ನಿಂತಿತ್ತು. ಅದರ ಬಾಗಿಲು ತೆರೆದುಕೊಂಡು, ಕಾಲು ಹೊರಗಿಟ್ಟು, ಶುಭ್ರ ಧೋತರ ಉಟ್ಟ ಮುದುಕನೊಬ್ಬ ಕೋರ್ಟಿನ ಬಾಗಿಲನ್ನೇ ನೋಡುತ್ತ ಕುಳಿತಿದ್ದ. ಅವಳ ಕಪ್ಪು ಕೋಟು ಕಂಡ ಕೂಡಲೇ ಕೈಯೆತ್ತಿ ನಮಸ್ಕಾರ ಮಾಡಿದ.

ಅವಳೂ ಕೈ ಮುಗಿದಳು.

ಇಂಥ ತಪ್ಪು ಬೇರೆ ಯಾರೂ ಮಾಡಲಾರರು, ಜೂನಿಯರ್ ವಕೀಲರೇ ಮಾಡಬೇಕು. ಮಹೇಕ್‌ಳ ಸೀನಿಯರ್ ಸಿದ್ದರಾಮ ವಕೀಲರಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆ ಕೇಸು. ಮನುಷ್ಯ ಒಬ್ಬ, ಕೋರ್ಟು ನಾಲ್ಕು. ಹಾಗಾಗಿ ಅವರು ಇಲ್ಲದ ಕಡೆಯಲ್ಲೆಲ್ಲ ಮಹೇಕ್ ಇರಬೇಕು. ಎದ್ದು ನಿಂತು ಮುಂದಿನ ತಾರೀಖು ಕೇಳಬೇಕು. ಅದಕ್ಕೆ ಈ ಕಡೆ ಮುದ್ದತ್ತು ಅನ್ನುತ್ತಾರೆ. ಸೀನಿಯರ್ ಎಲ್ಲೇ ಇರಲಿ, ಮದುವೆಯಲ್ಲಿರಲಿ, ಹಾಸಿಗೆಯಲ್ಲಿರಲಿ, ಜೂನಿಯರ್ ಬಾಯಲ್ಲಿ ಅವರು ಹೈಕೋರ್ಟಿನಲ್ಲೇ ಇರುತ್ತಾರೆ. ಎರಡು ವರ್ಷದಿಂದ ಅವಳು ಮಾಡಿದ ವಕೀಲಿ ಇಷ್ಟೇ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ರಾಮದುರ್ಗ, ಮೂರು ಮುದ್ದತ್ತು. ಮಧ್ಯಾಹ್ನ ಸವದತ್ತಿ, ಎರಡು ಮುದ್ದತ್ತು. ಸಂಜೆ ಆಫೀಸಿಗೆ ಬಂದು ಎಲ್ಲ ತಾರೀಖನ್ನೂ ದೊಡ್ಡ ಡೈರಿಗೆ ಇಳಿಸುವುದು, ನಾಳೆಯವರಿಗೆ ಫೋನು ಮಾಡುವುದು, ಅವರ ಬೈಗುಳ ತಿನ್ನುವುದು. ಭಾನುವಾರ ಸೀನಿಯರ ಮನೆಯಲ್ಲಿ ಡ್ರಾಫ್ಟು. ಬಸ್ಸಿನ ಸರಳಿಗೆ ತಲೆ ಆನಿಸಿ ನಿದ್ದೆ ಮಾಡಿ ಮಾಡಿ ಹಣೆಯ ಎಡಭಾಗದಲ್ಲಿ ಒಂದು ಕಪ್ಪು ಗೆರೆಯೇ ಬಿದ್ದಿತ್ತು.

ಹೋದ ತಿಂಗಳು ಅವಳ ತಾಯಿ ಜುಬೇದಾಬಿ ತಟ್ಟೆ ಹಿಡಿದು ಬಂದು "ಊಟ ಮಾಡ್ತಿಯೇನs?" ಎಂದು ಎಬ್ಬಿಸಿದಾಗ, ಮಹೇಕ್ ಕಣ್ಣು ಮುಚ್ಚಿಕೊಂಡೇ, "ಕಾಲಾವಕಾಶ ಕೊಡಬೇಕು ಮೇಡಂ" ಎಂದಿದ್ದಳಂತೆ. ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುವ ಅವಳ ಅಪ್ಪ ಮೌಲಾಸಾಬ ಅದನ್ನು ಹೇಳಿಕೊಂಡು ಎರಡು ದಿನ ನಕ್ಕ. ಮೂರನೇ ದಿನ ಮಗಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುವುದು ಕೇಳಿಸಿತು. ಆಮೇಲೆ ಅವನು ನಗಲಿಲ್ಲ.

ಇಷ್ಟಾದ ಮೇಲೆ ನಿನ್ನೆ ಸಂಜೆ ಸಿದ್ದರಾಮ ವಕೀಲರು ತಾವಾಗಿ ಕರೆದು ಹೇಳಿದ್ದರು. "ನಾಳೆ ಮಾಳಪ್ಪನ ಸಾಕ್ಷಿ ನೀನ ನಡಸವಾ. ಎಷ್ಟ ದಿವಸ ಅಂತ ಬರೇ ಮುದ್ದತ್ ಕೇಳಕೋತ ನಿಂದರ್ತಿ?" ಅವಳಿಗೆ ಸಿಕ್ಕ ಮೊದಲ ನಿಜವಾದ ಕೆಲಸ. ಖುಷಿಗೆ ನಿದ್ದೆ ಬರಲಿಲ್ಲ. ಮೂರು ಹಾಳೆ ಪ್ರಶ್ನೆ ಬರೆದುಕೊಂಡಿದ್ದಳು, ಅವು ಈಗಲೂ ಬ್ಯಾಗಿನಲ್ಲಿದ್ದವು. ಬೆಳಿಗ್ಗೆ ಈ ಪ್ರಕರಣಕ್ಕಿಂತ ಮುಂಚೆ ಮೂರು ಪ್ರಕರಣಗಳಿದ್ದವು, ಮೂರರಲ್ಲೂ ಎದ್ದು ನಿಂತು ಮುದ್ದತ್ತು ಕೇಳಿದ್ದಳು. ನಾಲ್ಕನೆಯದು ಕೂಗಿದಾಗಲೂ ಎದ್ದು ನಿಂತಳು. ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು.

ಕೇಸಾದರೂ ಎಂಥದು. ಸಂಪಗಾಂವದ ಬಾಯವ್ವ ಎಂಬ ಮಕ್ಕಳಿಲ್ಲದ ಮುದುಕಿ, ತಾನಿದ್ದ ಎರಡು ಖೋಲಿಯ ಮನೆಯನ್ನು ಗುರವ್ವನ ಹೆಸರಿಗೆ ಮೃತ್ಯುಪತ್ರ ಬರೆದಿಟ್ಟು ತೀರಿಕೊಂಡಿದ್ದಳು. ಗುರವ್ವ ದೂರದ ಸಂಬಂಧಿ, ಗಂಡ ಸತ್ತವಳು. ಹಾಸಿಗೆ ಹಿಡಿದ ಬಾಯವ್ವನನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಣಿಕಿ ಹಾಕದ ಬಾಯವ್ವನ ತಮ್ಮನ ಮಗ ಅವಳ ತಿಥಿಯ ಊಟ ಮುಗಿಯುವುದರೊಳಗೆ ಬಂದು, ಹೆಬ್ಬೆಟ್ಟು ಖೊಟ್ಟಿ, ಅವಳದಲ್ಲ ಎಂದು ದಾವೆ ಹೂಡಿದ್ದ. ಪತ್ರಕ್ಕೆ ಸಾಕ್ಷಿ ಹಾಕಿದವರು ಇಬ್ಬರು. ಒಬ್ಬ ಸತ್ತ. ಉಳಿದವನು ಮಾಳಪ್ಪ, ಎಪ್ಪತ್ತೊಂಬತ್ತು ವರ್ಷ, ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ರಕ್ತ ತೊಳೆಸಿಕೊಂಡು ಬರುವವನು. ಡಾಕ್ಟರು ಮೊದಲು ವರ್ಷದ ಮಾತಾಡುತ್ತಿದ್ದರು, ಈಗ ವಾರದ ಮಾತಾಡುತ್ತಾರೆ. ಮಾರ್ಚ್ ಇಪ್ಪತ್ತಾರಕ್ಕೆ ಇನ್ನೂ ಆರು ವಾರ ಇತ್ತು. ಅಷ್ಟರಲ್ಲಿ ಈ ಮುದುಕ ಹೋದರೆ ಗುರವ್ವನ ಮನೆಯೂ ಅವನ ಹಿಂದೆಯೇ ಹೋಗುತ್ತದೆ ಎಂದು ಮಹೇಕ್‌ಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೆಂಗಸರ ಕೋಣೆಯ ನಳದಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಮುಖ ತೊಳೆದುಕೊಂಡಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒದ್ದೆ ಕೈಯಲ್ಲೇ ಸೀನಿಯರಿಗೆ ಫೋನು ಹಚ್ಚಿದಳು. ಅವರು ಸವದತ್ತಿಯಲ್ಲಿದ್ದರು. ಯಾವುದೋ ಸೊಸೈಟಿಯ ಹೊಸ ಕಟ್ಟಡದ ಉದ್ಘಾಟನೆ, ಹಿಂದೆ ಮೈಕು ಹಲೋ ಹಲೋ ಅನ್ನುತ್ತಿತ್ತು. ಅವಳು ಅಳುತ್ತ ಹೇಳಿದ್ದು ಅವರಿಗೆ ಎರಡನೇ ಸಲಕ್ಕೆ ತಿಳಿಯಿತು.

"ಮುದ್ದತ್ ಕೇಳಿಬಿಟ್ಟಿ?" ಸಿದ್ದರಾಮ ವಕೀಲರು ಜೋರಾಗಿ ನಕ್ಕರು. "ಏ ಹುಚ್ಚಿ! ಹೋಗ್ಲಿ ಬಿಡ, ಅಳಬ್ಯಾಡ. ನಾನೂ ಇಂಥಾವ ಮಾಡೇನಿ. ಈಗ ಒಂದ ಕೆಲಸ ಮಾಡ. ಆ ಗುರವ್ವಗ, ಮೇಡಂಗ ಆರಾಮಿಲ್ಲ, ಕೋರ್ಟ ತಾನಾಗೇ ತಾರೀಖ ಕೊಟ್ಟೈತಿ ಅಂತ ಹೇಳ. ಅವರಿಗೇನ ತಿಳೀತೈತಿ?"

"ಸರ್, ಅಜ್ಜಾರ ಆರ ವಾರ ಇರ್ತಾರೋ ಇಲ್ಲೋ. ಮಧ್ಯಾಹ್ನದ ಮ್ಯಾಲ ಒಳಗ ಹೋಗಿ, ತಪ್ಪಾತು, ಪ್ರಕರಣ ಮತ್ತ ಕೂಗಸ್ರಿ ಅಂತ ಕೇಳ್ಲ್ಯಾ?"

ನಗೆ ನಿಂತಿತು. ಮೈಕಿನ ಸದ್ದು ದೂರ ಆಯಿತು, ಎದ್ದು ಹೊರಗೆ ಬಂದರು ಅಂತ ಕಾಣುತ್ತದೆ.

"ಏನಂತ ಕೇಳ್ತಿ? ಹೈಕೋರ್ಟಿನ್ಯಾಗ ಅದಾರ ಅಂತ ಹೇಳೀದಿ. ನಾ ಇಲ್ಲಿ ಹಾರಾ ಹಾಕ್ಕೊಂಡ ಸ್ಟೇಜಿನ ಮ್ಯಾಲ ಕುಂತೇನಿ, ಫೋಟೋ ಆಗಲೇ ವಾಟ್ಸಾಪಿಗೆ ಬಿದ್ದಾವು. ತಪ್ಪಾತು ಅಂತ ಬಾಯಿ ತೆರದ್ರ ಅದೂ ಹೊರಗ ಬರತೈತಿ. ಇಪ್ಪತ್ತೆಂಟ ವರ್ಷದ ಹೆಸರ ಐತಿ ನಂದು. ಕೇಳಿದೇನ? ಸುಮ್ನ ಅವರನ್ನ ಊರಿಗೆ ಕಳಸ."

"ಆ ಮುದುಕಾ ಸತ್ರ, ಸರ್?"

"ಕೇಸಿನ್ಯಾಗ ಸಾಕ್ಷಿ ಸಾಯ್ತಾರವಾ. ನಾವೇನ ಯಮಗ ಮುದ್ದತ್ ಕೇಳಾಕ ಬರತೈತೇನ?" ಎಂದು ಫೋನು ಇಟ್ಟರು. ಕೆಟ್ಟ ಮನುಷ್ಯರೇನಲ್ಲ. ಟೆಂಪೋ ಡ್ರೈವರನ ಮಗಳನ್ನು ಮೂರು ಜನ ವಕೀಲರು ನೋಡೋಣ, ಹೇಳೋಣ ಎಂದು ತಿರುಗಿಸಿ ಕಳಿಸಿದಾಗ, ಒಂದು ಕುರ್ಚಿ ತೋರಿಸಿ ಕುಂದರವಾ ಅಂದವರು ಅವರೊಬ್ಬರೇ.

ಮಹೇಕ್ ಬೇವಿನ ಗಿಡದ ಕಡೆಗೆ ನಡೆದಳು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವು. ಮೇಡಂಗೆ ಆರಾಮಿಲ್ಲ, ಮೇಡಂಗೆ ಆರಾಮಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ ಹೋದಳು.

ಕಾರಿನ ಪಕ್ಕ ಗುರವ್ವ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು. ಮಾಳಪ್ಪನ ಅಳಿಯ ಸಂದೀಪ ಸ್ಟೇರಿಂಗಿನ ಹಿಂದೆ ಕುಳಿತು ಮೊಬೈಲು ನೋಡುತ್ತಿದ್ದ. ಮುದುಕನ ಪಾದಗಳು ಬಾತು ಚಪ್ಪಲಿಯ ಪಟ್ಟಿಯ ಆಚೀಚೆ ಉಬ್ಬಿದ್ದವು.

"ಬರ್ರಿ ಬಾಯಾರ" ಎಂದು ಗುರವ್ವ ಎದ್ದು ನಿಂತಳು. "ಎಷ್ಟೊತ್ತಿಗೆ ಬರತೈತ್ರಿ ನಮ್ಮ ಪಾಳಿ? ಈ ಹಿರ್ಯಾ ಒಂದ ಹಟಾ ಹಿಡದ ಕುಂತಾನು. ರೊಟ್ಟಿ ತಿನ್ನ ಅಂದ್ರ ಒಲ್ಲೆ ಅಂತಾನು."

"ಯಾಕ ಅಜ್ಜಾರ? ಮುಂಜಾನಿಂದ ಏನೂ ತಿಂದಿಲ್ಲ?"

"ಸಾಕ್ಷಿ ಹೇಳೂಮಟಾ ಬಾಯಿಗೆ ಏನೂ ಹಾಕಂಗಿಲ್ಲ ತಂಗಿ" ಎಂದ ಮಾಳಪ್ಪ. ದನಿ ಸಣ್ಣದಾಗಿತ್ತು, ಮಾತು ಖಡಕ್ಕಾಗಿತ್ತು. "ನಮ್ಮಪ್ಪ ಹಂಗ ಮಾಡತಿದ್ದ. ಪಂಚಾಯ್ತಿಗೆ ಮಾತ ಹೇಳಾಕ ಹೊಂಟ್ರ ಝಳಕಾ ಮಾಡಿ, ಖಾಲಿ ಹೊಟ್ಟೀಲೆ ಹೋಗಾಂವ. ಉಂಡ ಬಾಯಿ ಉಂಡವರ ಕಡೆ ಮಾತಾಡತೈತಿ ಅಂತಿದ್ದ. ಈಗ ನಾನೂ ಖಾಲಿ ಅದೇನಿ, ಕರೀರಿ."

ಮಹೇಕ್ ಬಾಯಿ ತೆರೆದಳು. ಮೇಡಂಗೆ ಆರಾಮಿಲ್ಲ ಅನ್ನುವುದು ಬರಲಿಲ್ಲ. ನಿಜವೂ ಬರಲಿಲ್ಲ.

"ಮಧ್ಯಾಹ್ನದ ಮ್ಯಾಲ ಆಗಬೌದು ಅಜ್ಜಾರ. ಸ್ವಲ್ಪ ತಡೀರಿ."

ಅಲ್ಲಿಗೆ ಅವರ ಹತ್ತಿರವೂ ಒಂದು ಮುದ್ದತ್ತು ತೆಗೆದುಕೊಂಡ ಹಾಗಾಯಿತು.

"ಮಧ್ಯಾಹ್ನದ ಮ್ಯಾಲ ಅಂದ್ರ ಎಷ್ಟಕ್ಕರಿ?" ಸಂದೀಪ ಮೊಬೈಲು ಕೆಳಗಿಟ್ಟ. "ನಾಳೆ ನಸುಕಿನ್ಯಾಗ ಬೆಳಗಾವಿಗೆ ಒಯ್ಯಬೇಕ ಇವರನ್ನ. ಇವತ್ತ ಹಿಂಗ ಬಿಸಲಾಗ ಕುಂದ್ರಿಸಿದ್ರ ನಾಳಿಗೆ ಯಾರ ಜವಾಬ್ದಾರ್ರಿ? ಹೆಚ್ಚ ಕಡಿಮಿ ಆದ್ರ ನೀವ ಬರತೀರೇನ?"

"ಸುಮ್ನಿರೋ" ಎಂದ ಮಾಳಪ್ಪ. "ಬಾಯವ್ವಗ ಮಾತ ಕೊಟ್ಟೇನಿ."

ಎರಡು ಗಂಟೆಗೆ ಕೋರ್ಟು ಊಟಕ್ಕೆ ಎದ್ದಿತು. ವಕೀಲರ ಕೋಣೆಯಲ್ಲಿ ಮೀನಾ ತನ್ನ ಡಬ್ಬಿ ಬಿಚ್ಚಿ ಮುಂದೆ ತಳ್ಳಿದಳು. ಮಹೇಕ್‌ಗೆ ಅದರ ವಾಸನೆಯೇ ಆಗಲಿಲ್ಲ. ಅತ್ತ ಮೂಲೆಯಲ್ಲಿ ನೀಲಪ್ಪ ವಕೀಲರು ಚಹಾ ಕುಡಿಯುತ್ತ ಯಾರಿಗೋ ಮೊಬೈಲು ತೋರಿಸಿ ನಗುತ್ತಿದ್ದರು. ಸ್ಟೇಜು, ಹಾರ, ಸಿದ್ದರಾಮ ವಕೀಲರ ಮುಖ ಇಲ್ಲಿಂದಲೂ ಕಾಣುತ್ತಿತ್ತು.

"ಒಳಗ ಹೋಗಿ ಹೇಳ್ತೇನಿ" ಎಂದಳು ಮಹೇಕ್.

"ಹೇಳಿದ್ರ ನಿಮ್ಮ ಸರ್ ನಿನ್ನ ಇಟಗೋತಾರೇನ?"

"ಇಲ್ಲ."

"ಬ್ಯಾರೆ ಯಾರರ ಕರಕೋತಾರೇನ?"

"ಗೊತ್ತಿಲ್ಲ. ಮೀನಾ, ನನಗ ಬಾಳ ದಣಿವಾಗೈತಿ. ಎರಡ ವರ್ಷದಾಗ ನಾ ಒಂದ ಖರೇ ಮಾತ ಆ ಖೋಲ್ಯಾಗ ಆಡಿಲ್ಲ. ಹೆಸರ ಸುದ್ದಾ ಸರ್‌ದ ಹೇಳ್ತೇನಿ, ನಂದಲ್ಲ."

ಮೀನಾ ಡಬ್ಬಿಯ ಮುಚ್ಚಳ ಹಾಕಿದಳು.

ಮಹೇಕ್ ಮೊದಲು ಬೇವಿನ ಗಿಡಕ್ಕೆ ಹೋದಳು. ಮಾಳಪ್ಪ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದ. ಗುರವ್ವನನ್ನು ಗಿಡದ ಆಚೆ ಕರೆದು, ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಗುರವ್ವ ಅವಳ ಬಾಯನ್ನೇ ನೋಡಿದಳು. ಬಹುವಚನ ಅಲ್ಲಿಗೇ ಬಿದ್ದುಹೋಯಿತು.

"ಅಲ್ಲs, ಹನ್ನೊಂದ ವರ್ಷ ಆ ಮುದಕೀದ ಹೇಲು ಉಚ್ಚಿ ಬಳದೇನಿ ನಾ. ಒಂದ ದಿವಸ ಮರತಿಲ್ಲ. ನಿನಗ ಒಂದ ಮಾತ ನೆಟ್ಟಗ ಹೇಳಾಕ ಬರಲಿಲ್ಲೇನ? ಸಾಲಿ ಕಲತಾಕಿ, ಕ್ವಾಟ ಹಾಕ್ಕೊಂಡಾಕಿ!"

"ತಪ್ಪ ಆಗೈತಿ ಗುರವ್ವಕ್ಕ."

"ನಿನ್ನ ತಪ್ಪ ತಗೊಂಡ ನಾ ಎಲ್ಲಿ ಮಲಗ್ಲಿ? ಆ ಮನಿ ಬಿಟ್ರ ಬಸ್‌ಸ್ಟ್ಯಾಂಡೇ ಗತಿ ನನಗ. ನಿನ್ನ ಬಾಯಾಗ ಮಣ್ಣ ಬೀಳ್ಲಿ." ಸೆರಗಿನಿಂದ ಮೂಗು ಒರೆಸಿಕೊಂಡಳು. ದನಿ ಇಳಿಯಲಿಲ್ಲ. "ಈಗ ನನ್ನ ಮುಂದ ಯಾಕ ನಿಂತಿ? ನನಗ ಹೇಳಿದ್ರ ಆಗತೈತೇನ? ಹೋಗ, ಯಾರಿಗೆ ಹೇಳಬೇಕೋ ಅವರಿಗೆ ಹೇಳ ಹೋಗ!"

ಮೂರು ಗಂಟೆಗೆ ಜಡ್ಜ್ ಮೇಡಂ ಬಂದು ಕುಳಿತರು. ಮೊದಲ ಹೆಸರು ಕೂಗುವ ಮುಂಚೆಯೇ ಮಹೇಕ್ ಎದ್ದು ನಿಂತಳು. ಎದ್ದು ನಿಂತ ಕೂಡಲೇ ಅದೇ ವಾಕ್ಯ ನಾಲಿಗೆಯ ತುದಿಗೆ ಬಂದು ಕುಳಿತಿತು, ಹಿರಿಯ ವಕೀಲರು ಹೈಕೋರ್ಟಿನಲ್ಲಿ... ಹಲ್ಲು ಕಚ್ಚಿದಳು.

"ಏನಮ್ಮ?" ಎಂದರು ಮೇಡಂ. ಮೈಸೂರು ಕಡೆಯವರು, ಮಾತು ಮೆತ್ತಗೆ, ಕಣ್ಣು ಅಲ್ಲ.

"ಬೆಳಿಗ್ಗೆ ಮಾರ್ಚ್ ಇಪ್ಪತ್ತಾರಕ್ಕೆ ಹೋದ ಪ್ರಕರಣ ಮೇಡಂ. ಸಂಪಗಾಂವದ ಮೃತ್ಯುಪತ್ರದ್ದು. ದಯವಿಟ್ಟು ಮತ್ತೆ ಕೂಗಿಸಬೇಕು. ನಮ್ಮ ಸಾಕ್ಷಿ ಬೆಳಿಗ್ಗೆಯಿಂದ ಹೊರಗಿದ್ದಾರೆ."

"ಸಾಕ್ಷಿ ಇದ್ದರೆ ಸಮಯ ಯಾಕೆ ಕೇಳಿದಿರಿ? ನಿಮ್ಮ ಹಿರಿಯರು ಹೈಕೋರ್ಟಿನಲ್ಲಿದ್ದಾರೆ ಅಂದಿರಿ."

ನೀಲಪ್ಪ ವಕೀಲರು ನಿಧಾನಕ್ಕೆ ಎದ್ದರು. "ಹೈಕೋರ್ಟು ಸವದತ್ತಿಗೆ ಯಾವಾಗ ಬಂತೋ ನನಗಂತೂ ಗೊತ್ತಾಗಲಿಲ್ಲ ಮೇಡಂ" ಎಂದರು. ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಗುಮಾಸ್ತನೂ ಕೆಳಗೆ ನೋಡಿ ನಕ್ಕ.

ಮಹೇಕ್‌ಳ ಕಿವಿ ಕಾದವು. ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ.

"ಅವರು ಹೈಕೋರ್ಟಿನಲ್ಲಿಲ್ಲ ಮೇಡಂ. ನಾನು ಹೇಳಿದ್ದು ಸುಳ್ಳು."

ನಗೆ ಒಮ್ಮೆಲೇ ನಿಂತುಹೋಯಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಯಾರು ಹೇಳಿಕೊಟ್ಟರು ನಿಮಗೆ?"

ಇದಕ್ಕೆ ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಇಡೀ ಖೋಲಿ ಆ ಹೆಸರಿಗಾಗಿಯೇ ಕಾಯುತ್ತಿತ್ತು, ನೀಲಪ್ಪ ವಕೀಲರಂತೂ ಮುಂದಕ್ಕೆ ಬಾಗಿದ್ದರು. ಮಹೇಕ್ ಮೇಜಿನ ಅಂಚು ಹಿಡಿದುಕೊಂಡಳು.

"ಇವತ್ತಿನದು ಯಾರೂ ಹೇಳಿಕೊಟ್ಟಿಲ್ಲ ಮೇಡಂ. ಇವತ್ತು ಸಾಕ್ಷಿ ನಡೆಸು ಅಂತಲೇ ಹೇಳಿದ್ದರು. ಪ್ರಶ್ನೆ ಬರೆದುಕೊಂಡು ಬಂದಿದ್ದೇನೆ, ಇಲ್ಲಿವೆ." ಮೂರು ಹಾಳೆ ಎತ್ತಿ ತೋರಿಸಿದಳು. "ದಿನಾ ಅದೊಂದನ್ನೇ ಹೇಳಿ ಹೇಳಿ..." ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. "ಎದ್ದ ನಿಂತ್ರ ಸಾಕ್ರಿ ಮೇಡಂ, ಅದ ಬರತೈತಿ ಬಾಯಾಗ. ಮನ್ಯಾಗ ಊಟಕ್ಕ ಕರದ್ರೂ ಅದ ಬರತೈತಿ. ತಪ್ಪ ನಂದು. ಆ ಅಜ್ಜಾರ ಸಾಕ್ಷಿ ಹೇಳೂಮಟಾ ಊಟಾ ಮಾಡೂದಿಲ್ಲಂತ ಮುಂಜಾನಿಂದ ಕುಂತಾರ್ರಿ. ನಾಳೆ ಅವರಿಗೆ ಡಯಾಲಿಸಿಸ್ ಐತಿ. ಮಾರ್ಚ್‌ಮಟಾ ಅವರ ಇರೂದ ಖಾತ್ರಿ ಇಲ್ಲ. ಅಷ್ಟರಿ."

ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು.

"ನೀವು ಕೋರ್ಟಿಗೆ ಸುಳ್ಳು ಹೇಳಿದಿರಿ ಅಂತ ನಾನು ಆದೇಶದಲ್ಲಿ ಬರೆಯಬೇಕಾಗುತ್ತದೆ. ನಿಮ್ಮ ಹೆಸರು ಹಾಕಿ. ಅದು ಅಲ್ಲೇ ಉಳಿಯುತ್ತದೆ."

"ಬರೀರಿ ಮೇಡಂ."

"ಪೂರ್ತಿ ಹೆಸರು ಏನು?"

"ಮಹೇಕ್ ಮೌಲಾಸಾಬ ನದಾಫ." ಆ ಖೋಲಿಯಲ್ಲಿ ಅವಳು ತನ್ನ ಹೆಸರು ಹೇಳಿದ್ದು ಅದೇ ಮೊದಲು.

ಮೇಡಂ ಬರೆದರು. ಬರೆದು ಮುಗಿಸಿ ನೀಲಪ್ಪನವರ ಕಡೆ ತಿರುಗಿದರು. "ನಿಮ್ಮದು ಏನು?"

"ತಾರೀಖು ಬಿದ್ದಾಗಿದೆ ಮೇಡಂ. ನನ್ನ ಪಾರ್ಟಿ ಊರಿಗೆ ಹೋದ. ನಾನು ತಯಾರಿಲ್ಲ" ಎಂದು ನೀಲಪ್ಪ ವಕೀಲರು ಕೋಟು ಸರಿಪಡಿಸಿಕೊಂಡರು. "ನನಗೆ ಕಾಲಾವಕಾಶ ಕೊಡಬೇಕು."

ಈ ಸಲ ನಗೆ ಮುಂದಿನ ಬೆಂಚಿನಿಂದ ಬಂತು.

"ಬೆಳಿಗ್ಗೆ ತಯಾರಾಗಿ ಬಂದವರು ಮಧ್ಯಾಹ್ನಕ್ಕೆ ಮರೆತಿರಾ? ಕೂತ್ಕೊಳ್ಳಿ. ಸಾಕ್ಷಿಯನ್ನು ಕರೆಯಿರಿ."

ಜವಾನ ಬಾಗಿಲಲ್ಲಿ ನಿಂತು ಮಾಳಪ್ಪನ ಹೆಸರು ಕೂಗಿದ. ಯಾರೂ ಬರಲಿಲ್ಲ. ಎರಡನೇ ಸಲ ಕೂಗಿದ. ಮಹೇಕ್ ಕಿಟಕಿಯಿಂದ ನೋಡಿದಳು. ಬೇವಿನ ಗಿಡದ ಕೆಳಗೆ ಕಾರು ಇರಲಿಲ್ಲ. ಸಂದೀಪ ಕರೆದುಕೊಂಡು ಹೋಗಿಬಿಟ್ಟ, ಮುಗಿಯಿತು ಎಂದುಕೊಂಡಳು. ಮೂರನೇ ಕೂಗು ಇನ್ನೂ ಮುಗಿದಿರಲಿಲ್ಲ, ಮೆಟ್ಟಿಲ ಕಡೆಯಿಂದ ಗುರವ್ವನ ದನಿ ಕೇಳಿತು.

"ಬಂದೀವಿ, ಬಂದೀವ್ರಿ! ಹಿರೀ ಮನಷ್ಯಾ ಅದಾನು, ಹಾರಿಕೊಂಡ ಬರಾಕ ಆಗತೈತೇನ?"

ಕಾರನ್ನು ಮೆಟ್ಟಿಲ ಬುಡಕ್ಕೇ ತಂದು ನಿಲ್ಲಿಸಿದ್ದರು. ಗುರವ್ವ ಒಂದು ತೋಳು, ಸಂದೀಪ ಇನ್ನೊಂದು ತೋಳು ಹಿಡಿದು ಮುದುಕನನ್ನು ಕಟಕಟೆಯವರೆಗೆ ತಂದರು. ಮೇಡಂ ಕುರ್ಚಿ ಕೊಡಿ ಅಂದರು. ಮಾಳಪ್ಪ ಒಲ್ಲೆ ಅಂದ. ಪ್ರಮಾಣ ಮಾಡಿಸಿದಾಗ ಅವನ ದನಿ ಹೊರಗಿನ ಟ್ರ್ಯಾಕ್ಟರಿನ ಹಾಡನ್ನೂ ದಾಟಿ ಕೇಳಿಸಿತು. ಮಹೇಕ್ ಒಂದೊಂದೇ ಪ್ರಶ್ನೆ ಕೇಳಿದಳು. ಮೊದಲಿನ ಎರಡಕ್ಕೆ ನಾಲಿಗೆ ತೊಡರಿತು. ಆಮೇಲೆ ಹಾಳೆ ನೋಡುವುದನ್ನು ಮರೆತಳು. ಪತ್ರ ಓದಿ ಹೇಳಿದವರು ಯಾರು, ಬಾಯವ್ವ ಏನೆಂದಳು, ಹೆಬ್ಬೆಟ್ಟು ಯಾವ ಕೈಯದು. ಎಲ್ಲವನ್ನೂ ಮುದುಕ ಅಂದಿನ ಹವೆ ಸಮೇತ ಹೇಳಿದ.

ನೀಲಪ್ಪ ವಕೀಲರು ಒಂದು ತಾಸು ಅವನನ್ನು ಜಗ್ಗಾಡಿದರು. ಕಡೆಗೆ, "ನಿಮಗೆ ಕಣ್ಣೇ ಸರಿಯಾಗಿ ಕಾಣಿಸುವುದಿಲ್ಲ ಎಂದರೆ ಸರಿಯೇ?" ಎಂದು ಕೇಳಿದರು.

"ಕಾಣ್ತಾವ್ರಿ" ಎಂದ ಮಾಳಪ್ಪ. "ನಿಮ್ಮ ಕ್ವಾಟಿನ ಮೂರನೇ ಗುಂಡಿ ಹೋಗೈತಿ. ಹಚ್ಚಿಸ್ಕೋರಿ."

ಅವರು ಹೊರಗೆ ಬಂದಾಗ ಐದೂವರೆ ಆಗುತ್ತಿತ್ತು. ಮಾಳಪ್ಪನನ್ನು ಗಿಡದ ಕಟ್ಟೆಯ ಮೇಲೆ ಕೂರಿಸಿದರು. ಈಗ ಅವನ ಕಾಲು, ಕೈ ಎಲ್ಲ ನಡುಗುತ್ತಿದ್ದವು. "ಮುಗೀತಲ್ಲ ತಂಗಿ?" ಎಂದ. "ಮುಗೀತ ಅಜ್ಜಾರ" ಎಂದಳು. "ಇನ್ನ ರೊಟ್ಟಿ ಕೊಡ" ಎಂದು ಗುರವ್ವನ ಕಡೆ ಕೈ ಚಾಚಿದ.

ಮಹೇಕ್ ಮೊಬೈಲು ನೋಡಿದಳು. ಸೀನಿಯರ ಹನ್ನೊಂದು ಕರೆ ಬಂದು ನಿಂತಿದ್ದವು. ಕೆಳಗೆ ಒಂದು ಸಂದೇಶ. 'ಎಲ್ಲಾ ತಿಳಿಯಿತು. ನಾಳೆಯಿಂದ ಆಫೀಸಿಗೆ ಬರಬೇಡ. ಡೈರಿ ಕಳಿಸು.' ಎರಡು ಸಲ ಓದಿದಳು. ನಾಳೆ ಆರೂವರೆಯ ರಾಮದುರ್ಗದ ಬಸ್ಸು ಅವಳಿಲ್ಲದೆ ಹೋಗುತ್ತದೆ. ಅಪ್ಪನಿಗೆ ಏನು ಹೇಳುವುದು ಅನ್ನುವ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ನಾಳೆ ಬೆಳಿಗ್ಗೆ ಮಲಗಿರಬಹುದು ಎಂದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಇದಕ್ಕೆ ಅಳು ಬರುತ್ತದಲ್ಲ ಎಂದು ತನಗೇ ನಾಚಿಕೆಯಾಯಿತು.

ಕಳಿಸುವ ಮುಂಚೆ ಡೈರಿಯನ್ನು ಸರಿ ಮಾಡಬೇಕಿತ್ತು. ಕಟ್ಟೆಯ ತುದಿಗೆ ಕುಳಿತು, ತೊಡೆಯ ಮೇಲೆ ಮಾರ್ಚ್ ಇಪ್ಪತ್ತಾರರ ಪುಟ ತೆರೆದು, ಬೆಳಿಗ್ಗೆ ಬರೆದ ಸಾಲಿನ ಮೇಲೆ ಗೆರೆ ಎಳೆದಳು.

ಗುರವ್ವ ಗಂಟು ಬಿಚ್ಚಿದಳು. ಮುದುಕನಿಗೆ ಕೊಟ್ಟಳು, ಸಂದೀಪನಿಗೆ ಕೊಟ್ಟಳು. ಆಮೇಲೆ ಮಹೇಕ್‌ಳ ಮುಂದೆ ಬಂದು ನಿಂತು, ಮುಖ ನೋಡದೆ, ಒಂದು ರೊಟ್ಟಿ ಹಿಡಿದಳು. ಅದರ ಮೇಲೆ ಎಣ್ಣೆ ಬೆರೆಸಿದ ಶೇಂಗಾ ಚಟ್ನಿಪುಡಿ, ಹಿಂಡಿ.

"ಈಗ ಬ್ಯಾಡ ಗುರವ್ವಕ್ಕ, ಆಮ್ಯಾಲ..." ಎಂದಳು ಮಹೇಕ್.

ಮಾಳಪ್ಪ ತುತ್ತು ನುಂಗಿ ಈ ಕಡೆ ತಿರುಗಿದ.

"ಇದಕ್ಕೂ ತಾರೀಖ ಕೇಳ್ತೀಯೇನ ತಂಗಿ?"

ಸಂದೀಪ ನಕ್ಕ. ಗುರವ್ವ ನಗಲಿಲ್ಲ. ಇಡಲು ಬೇರೆ ಜಾಗ ಕಾಣದೆ ರೊಟ್ಟಿಯನ್ನು ತೆರೆದ ಡೈರಿಯ ಮೇಲೇ ಇಟ್ಟು, ಮುದುಕನಿಗೆ ನೀರು ಕೊಡಲು ಹೋದಳು. ಮಹೇಕ್ ಕೋಟಿನ ಗುಂಡಿ ಬಿಚ್ಚಿದಳು. ಬಲಗೈಗೆ ಅಂಟಿದ್ದ ಶಾಯಿಯನ್ನು ಕೋಟಿಗೇ ಒರೆಸಿಕೊಂಡು ಒಂದು ಚೂರು ಮುರಿದಳು. ಕಿಸೆಯಲ್ಲಿ ಫೋನು ಮತ್ತೆ ಬಡಿದುಕೊಂಡು ಸುಮ್ಮನಾಯಿತು. ಜವಾನ ಒಂದೊಂದೇ ಕಿಟಕಿ ಮುಚ್ಚುತ್ತಿದ್ದ. ರೊಟ್ಟಿಯ ಕೆಳಗೆ ಹಿಂಡಿಯ ಎಣ್ಣೆ ಇಳಿದು, ಮಾರ್ಚಿನ ಪುಟ ದಾಟಿ ಏಪ್ರಿಲ್‌ಗೆ ಹರಡುತ್ತಿತ್ತು. ಅವಳು ಕೆಳಗೆ ನೋಡಲಿಲ್ಲ, ಉಣ್ಣುತ್ತಿದ್ದಳು.